ಕಡೆದ ಪೀಪಿಯ ಮೇಲೆ ಬೆಂಕಿಯ ಚಿತ್ತಾರ

ಮರಕ್ಕೂ ಬೆಂಕಿಗೂ ಇರುವ ಸಂಬಂಧ ಹಗೆತನದ್ದೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬಡಗಿಯು ತನ್ನ ಕೆಲಸದ ಸಾಲೆಯಲ್ಲಿ ಕಿಡಿ ಹಾರದಂತೆ ನೋಡಿಕೊಳ್ಳುತ್ತಾನೆ. ಗೃಹಿಣಿಯು ಮರದ ಸೌಟನ್ನು ಒಲೆಯಿಂದ ದೂರವಿಡುತ್ತಾಳೆ. ಆದರೂ ನಮ್ಮ ನಾಡಿನ ಕಸುಬುಗಳನ್ನು ಒಂದಿಷ್ಟು ಗಮನವಿಟ್ಟು ನೋಡಿದರೆ ಬೆಂಕಿಯು ಮರಗೆಲಸದವನಿಗೆ ಅನೇಕ ಕಡೆ ಸಹಾಯಕನಾಗಿ ನಿಂತಿರುವುದು ತಿಳಿಯುತ್ತದೆ. ಕೊಳಲು ಮಾಡುವವನು ಕಾದ ಕಬ್ಬಿಣದ ಸಲಾಕೆಯಿಂದ ಬಿದಿರಿಗೆ ರಂಧ್ರಗಳನ್ನು ಸುಟ್ಟು ತೆಗೆಯುತ್ತಾನೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುವಾಗ ಮರದ ಅಂಚು ಹೊಗೆಯಾಡುತ್ತದೆ. ನೀರು ಸುರಿದೊಡನೆ ಪಟ್ಟಿ ಬಿಗಿದು ಚಕ್ರ ಗಟ್ಟಿಯಾಗುತ್ತದೆ. ಈ ಎರಡು ಕಡೆಗಳಲ್ಲಿಯೂ ಬೆಂಕಿಯು ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬುದನ್ನು ನಿರ್ಧರಿಸುವುದು ಕುಶಲಿಯ ಕೈ. ಒಂದು ಗಳಿಗೆ ಹೆಚ್ಚಾದರೆ ಕೊಳಲು ಸೀಳುತ್ತದೆ, ಚಕ್ರ ಕರಕಾಗುತ್ತದೆ.

ಬೆಂಕಿಯನ್ನು ಹೀಗೆ ಅಂಕೆಯಲ್ಲಿಟ್ಟುಕೊಂಡು, ಕಡಚಲು ಯಂತ್ರದಲ್ಲಿ, ಅಂದರೆ ಲೇತಿನಲ್ಲಿ, ಕಡೆದ ಸಣ್ಣ ಮರದ ಪೀಪಿಗಳ ಮೇಲೆ ಚಿತ್ತಾರ ಬಿಡಿಸುವ ಕಲೆಯೊಂದು ಹೊರನಾಡುಗಳಲ್ಲಿ ಬೆಳೆದಿದೆ. ಆ ಕಲೆಯ ಸ್ವರೂಪ, ಅದರ ಹಿಂದಿರುವ ವಿಜ್ಞಾನ, ನಮ್ಮ ತೆಂಗಿನ ಸೀಮೆಗೆ ಹಾಗೂ ನಮ್ಮ ಶಾಲೆಗಳಿಗೆ ಅದರಿಂದ ಆಗಬಹುದಾದ ಪ್ರಯೋಜನ ಇವುಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೀಪಿಯ ಕುಲ

ಹಾಲ್ಕುರಿಕೆಯ ಸುತ್ತಮುತ್ತಲಿನ ಯಾವ ಮಗುವಿಗೂ ಪೀಪಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ತೆಂಗಿನ ಎಳೆಯ ಗರಿಯ ಒಂದು ಪಟ್ಟಿಯನ್ನು ಸುರುಳಿ ಸುತ್ತಿ, ತುದಿಯನ್ನು ತುಸು ಚಪ್ಪಟೆ ಮಾಡಿ ಊದಿದರೆ ಅದು ಕೂಗುತ್ತದೆ. ಮೊಳೆತ ಮಾವಿನ ಓಟೆಯನ್ನು ಕಲ್ಲಿಗೆ ಉಜ್ಜಿ ಊದುವುದೂ ಮಕ್ಕಳಿಗೆ ತಿಳಿದ ವಿದ್ಯೆಯೇ. ಇವೆರಡರಲ್ಲಿಯೂ ಉಸಿರಿನ ಒತ್ತಡಕ್ಕೆ ಸಿಕ್ಕ ತೆಳುವಾದ ಅಂಚೊಂದು ಅದುರುತ್ತದೆ; ಆ ಅದುರುವಿಕೆಯೇ ಧ್ವನಿ. ಓಲಗದವರು ನಾಗಸ್ವರದ ಬಾಯಿಗೆ ಸಿಕ್ಕಿಸಿ ಊದುವ ಪೀಪಿಯೂ ಇದೇ ಕುಲಕ್ಕೆ ಸೇರಿದುದು. ಅದುರುವ ಈ ಭಾಗವನ್ನು ನಾಲಿಗೆ ಎಂದು ಕರೆಯೋಣ.

ಅಮೆರಿಕ ಮೊದಲಾದ ದೇಶಗಳಲ್ಲಿ ಬೇಟೆಗಾರರು ಬಾತು, ಕಾಡುಕೋಳಿ, ಜಿಂಕೆ ಮುಂತಾದುವುಗಳ ಕೂಗನ್ನು ಅನುಕರಿಸಲು ಇಂತಹ ನಾಲಿಗೆಯುಳ್ಳ ಮರದ ಪೀಪಿಗಳನ್ನು ಬಳಸುತ್ತಾರೆ. ಬಾತಿನ ಪೀಪಿಯಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಊದುವ ಹೊರಗೊಳವೆ; ಸಾಮಾನ್ಯವಾಗಿ ಸುಮಾರು 3 ಅಂಗುಲ ಉದ್ದ, ಒಳರಂಧ್ರ 5/8 ಅಂಗುಲ. ಎರಡನೆಯದು ಅದರೊಳಗೆ ಬಿಗಿಯಾಗಿ ಕೂರುವ ಬೆಣೆ. ಬೆಣೆಯ ಮೇಲ್ಮೈಯನ್ನು ಸಣ್ಣ ಬಾಗುವಿಕೆ ಬರುವಂತೆ ಕೆತ್ತಿ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ನಾಲಿಗೆಯನ್ನಿಟ್ಟು, ಬೆಂಡಿನ ತುಂಡಿನಿಂದ ಅದುಮಿರುತ್ತಾರೆ. ನಾಲಿಗೆ ಉದ್ದವಾದಷ್ಟೂ ಧ್ವನಿ ದಪ್ಪ, ಗಿಡ್ಡವಾದಷ್ಟೂ ಸಣ್ಣ. ಹೊರಗೊಳವೆಯ ಉದ್ದ ಮತ್ತು ಒಳಗಿನ ನುಣುಪು ಆ ಧ್ವನಿಗೆ ಮೈ ತುಂಬುತ್ತವೆ. ಅರ್ಕಾನ್ಸಾಸ್ ರಾಜ್ಯದ ಸ್ಟಟ್‌ಗಾರ್ಟ್ ಎಂಬ ಊರಿನಲ್ಲಿ 1936ರಿಂದಲೂ ಬಾತಿನ ಕೂಗಿನ ಸ್ಪರ್ಧೆ ನಡೆದುಬಂದಿದೆ ಎಂದರೆ ಈ ಪುಟ್ಟ ಉಪಕರಣಕ್ಕೆ ಅಲ್ಲಿರುವ ಮನ್ನಣೆಯನ್ನು ಊಹಿಸಬಹುದು. ಕೈಯಿಂದ ಕಡೆದ, ಚಿತ್ತಾರವುಳ್ಳ ಪೀಪಿಗಳನ್ನು ಅಲ್ಲಿಯವರು ಕಲಾವಸ್ತುಗಳಂತೆ ಸಂಗ್ರಹಿಸಿಯೂ ಇಡುತ್ತಾರೆ.

ಕೊಲ್ಲುವ ಕರೆ, ಕೇಳುವ ಕಿವಿ

ಜೀವದಯೆಯನ್ನು ಬೋಧಿಸಿದ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಬೇಟೆಯ ಉಪಕರಣದ ಮಾತೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪ್ರಾಣಿಯನ್ನು ಅದರ ಬಳಗದ ದನಿಯಿಂದಲೇ ಕರೆದು ಕೊಲ್ಲುವುದು ಒಂದು ಬಗೆಯ ವಂಚನೆ. ನಮ್ಮಲ್ಲಿಯೂ ಈ ವಂಚನೆ ಅಪರಿಚಿತವಾಗಿರಲಿಲ್ಲ. ಸಾಕಿದ ಗೌಜಲಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ ಕಾಡಿನ ಗೌಜಲಗಳನ್ನು ಬಲೆಗೆ ಬೀಳಿಸುವ ಪದ್ಧತಿ ಬಯಲುಸೀಮೆಯಲ್ಲಿತ್ತು. ಅಮೆರಿಕದಲ್ಲಿಯೂ ಜೀವಂತ ಬಾತುಗಳನ್ನು ಹೀಗೆ ಕರೆಹಕ್ಕಿಗಳಾಗಿ ಬಳಸುವುದನ್ನು 1935ರಲ್ಲಿ ನಿಷೇಧಿಸಲಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯ ವ್ಯಾಖ್ಯೆಯನ್ನು ವಿಶಾಲಗೊಳಿಸಿ, ಬಲೆ ಒಡ್ಡುವುದು, ಆಮಿಷ ತೋರುವುದು ಇವುಗಳನ್ನೂ ಅದರೊಳಗೆ ತಂದಿತು. 1991ರ ತಿದ್ದುಪಡಿಯು ವಿನೋದದ ಬೇಟೆಗೆ ಉಳಿದಿದ್ದ ಅವಕಾಶವನ್ನೂ ಮುಚ್ಚಿತು. ಹಕ್ಕಿಗಳ ದನಿಯನ್ನು ಬಾಯಿಂದಲೇ ಅನುಕರಿಸಬಲ್ಲ ಹಕ್ಕಿಪಿಕ್ಕಿ ಸಮುದಾಯದವರು ಹಕ್ಕಿ ಹಿಡಿಯುವ ವೃತ್ತಿಯನ್ನು ಬಿಟ್ಟು ಬೇರೆ ಬೇರೆ ಜೀವನೋಪಾಯಗಳಿಗೆ ತಿರುಗಬೇಕಾಯಿತು.

ಆದರೆ ಉಪಕರಣವೊಂದೇ, ಉದ್ದೇಶ ಹಲವು. ಪಕ್ಷಿವೀಕ್ಷಕರು ಬಳಸುವ ಒಂದು ಪುಟ್ಟ ಸಾಧನದಲ್ಲಿ ಬರ್ಚ್ ಮರದ ತುಂಡಿನೊಳಗೆ ತವರದ ಮಿಶ್ರಲೋಹದ ಬೆಣೆಯನ್ನು ತಿರುಗಿಸಿದರೆ ಗುಬ್ಬಿಗಳ ಚಿಲಿಪಿಲಿಯಂತಹ ದನಿ ಹೊರಡುತ್ತದೆ. ತುಮಕೂರು ಜಿಲ್ಲೆಯಲ್ಲಿಯೇ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದವರು ತಮ್ಮ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಮನೆಯ ಹೆಣ್ಣುಮಕ್ಕಳು ತವರಿಗೆ ಬಂದಂತೆ ಕಾಪಾಡುತ್ತ ಬಂದಿದ್ದಾರೆ. ಇಂತಹ ಜಿಲ್ಲೆಯ ಮಕ್ಕಳು ಪೀಪಿಯನ್ನು ಮಾಡಲು ಕಲಿತರೆ ಅದು ಹಕ್ಕಿಯ ದನಿಯನ್ನು ಅರಿಯುವುದಕ್ಕಾಗಿ, ಆಟಕ್ಕಾಗಿ, ನಾದದ ಪಾಠಕ್ಕಾಗಿ ಆಗಬೇಕು. ಗೂಡು ಕಟ್ಟುವ ಕಾಲದಲ್ಲಿ ಮರದಡಿ ನಿಂತು ಊದಿ ಹಕ್ಕಿಗಳನ್ನು ಕಂಗೆಡಿಸಬಾರದೆಂಬ ಮಾತನ್ನೂ ಪಾಠದ ಮೊದಲ ದಿನವೇ ಹೇಳಬೇಕು. ಈ ಎಲ್ಲೆಯೊಳಗೆ ನಿಂತು ಮುಂದಿನ ವಿಷಯವನ್ನು ನೋಡೋಣ.

ಚನ್ನಪಟ್ಟಣದ ಪಾಠ

ಕರ್ನಾಟಕದಲ್ಲಿ ಕಡೆದ ಮರದ ಮಾತು ಬಂದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣವೇ ಮೊದಲು ನೆನಪಾಗುವುದು ಸಹಜ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಈ ವಿದ್ಯೆ ಬಂದಿತೆಂದು ಪ್ರತೀತಿ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಗೊಂಬೆ ತಯಾರಿಕೆಯ ಕ್ರಮಗಳನ್ನು ಇಲ್ಲಿಗೆ ಅಳವಡಿಸಿದರೆಂದು ಸ್ಮರಿಸಲಾಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ಅಲ್ಲಿನ ಕುಶಲಿಗಳು ಹೆಚ್ಚಾಗಿ ಬಳಸುವುದು ಹಾಲೆ ಮರವನ್ನು. ಆಡುಮಾತಿನಲ್ಲಿ ಇದನ್ನು ಆಲೆ ಮರವೆಂದೂ ಹೇಳುವುದುಂಟು. ದಂತದಂತೆ ಬೆಳ್ಳಗೆ, ಒತ್ತಾದ ಎಳೆಗಳಿಂದ ಕೂಡಿದ ಮೃದುವಾದ ಮರವದು. ಆಂಧ್ರಪ್ರದೇಶದ ಏಟಿಕೊಪ್ಪಾಕದ ಗೊಂಬೆಗಳಿಗೂ ಇದೇ ಮರ. ಒಣಗಿದ ತುಂಡನ್ನು ಕಡಚಲು ಯಂತ್ರಕ್ಕೆ ಕಚ್ಚಿಸಿ, ಉಳಿಯಿಂದ ಆಕಾರ ಕೊಟ್ಟು ನುಣುಪು ಮಾಡಿದ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆಯ ಒಣ ಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿಯಂತಹ ಹೊಳಪು ಬರುತ್ತದೆ. ಇಲ್ಲಿ ಒಲೆಯಿಲ್ಲ, ಜ್ವಾಲೆಯಿಲ್ಲ, ಆದರೆ ಶಾಖವಿದೆ. ತಿರುಗುವ ವೇಗ, ಕೈಯ ಒತ್ತಡ ಇವೆರಡರಿಂದಲೇ ಕುಶಲಿಯು ಆ ಶಾಖವನ್ನು ಅಳೆಯುತ್ತಾನೆ. ಶಾಖವನ್ನು ಅಂಗೈಯಲ್ಲಿ ಅಳೆಯುವ ಈ ಅರಿವೇ ಬೆಂಕಿಯ ಚಿತ್ತಾರಕ್ಕೂ ತಳಹದಿ. ಆದುದರಿಂದ ಈ ಹೊಸ ಕಲೆಯನ್ನು ಕಲಿಯಬಯಸುವವರು ದೂರದ ದೇಶದತ್ತ ನೋಡುವ ಮೊದಲು ಚನ್ನಪಟ್ಟಣದ ಒಂದು ಸಾಲೆಯಲ್ಲಿ ಒಂದು ದಿನ ಕುಳಿತು ನೋಡುವುದು ಮೇಲು.

ಯಾವ ಮರ?

ಬೆಂಕಿಯ ಗುರುತು ಎದ್ದು ಕಾಣಬೇಕಾದರೆ ಮರ ತಿಳಿಬಣ್ಣದ್ದಾಗಿರಬೇಕು. ಬೀಟೆಯಂತಹ ಕಪ್ಪು ಮರದಲ್ಲಿ ಸುಟ್ಟ ಗೆರೆ ಅಡಗಿಹೋಗುತ್ತದೆ. ಹಾಲೆ ಉತ್ತಮ. ಎಳೆಗಳು ಒತ್ತಾಗಿರುವ ಮರದಲ್ಲಿ ಗೆರೆ ಹರಡದೆ ನಿಲ್ಲುತ್ತದೆ. ಒರಟು ಎಳೆಯ ಮರದಲ್ಲಿ ಕಾಗದದ ಮೇಲೆ ಮಸಿ ಹರಡಿದಂತೆ ಹರಡುತ್ತದೆ.

ನಮ್ಮ ಸೀಮೆಯಲ್ಲಿ ಕೈಗೆ ಸಿಗುವ ತೆಂಗಿನ ಮರದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಫಸಲು ಕುಂದಿದ ಹಳೆಯ ಮರಗಳನ್ನು ತೋಟದಿಂದ ತೆಗೆದಾಗ ಅವು ತೊಲೆಯಾಗಿಯೋ ಸೌದೆಯಾಗಿಯೋ ಮುಗಿದುಹೋಗುವುದೇ ಹೆಚ್ಚು. ತೆಂಗು ಹುಲ್ಲಿನ ಜಾತಿಗೆ ಹತ್ತಿರವಾದ ಏಕದಳ ಸಸ್ಯ; ಅದರ ಕಾಂಡದಲ್ಲಿ ವರ್ಷ ವರ್ಷದ ಉಂಗುರಗಳಿಲ್ಲ. ಹೊರಸುತ್ತು ಮತ್ತು ಬುಡ ಬಹಳ ಗಟ್ಟಿ, ನಡುಭಾಗ ಬೆಂಡು. ಪೀಪಿ ಕಡೆಯಲು ಹೊರಸುತ್ತಿನ ಗಟ್ಟಿ ಭಾಗವೇ ಆಗಬೇಕು. ಅದರಲ್ಲಿ ಕಂದುಬಣ್ಣದ ನಾರುಕಟ್ಟುಗಳು ಚುಕ್ಕೆಗಳಾಗಿ, ಗೀರುಗಳಾಗಿ ಕಾಣಿಸುತ್ತವೆ. ಜ್ವಾಲೆ ತಗಲಿದಾಗ ಗಟ್ಟಿಯಾದ ನಾರುಕಟ್ಟುಗಳಿಗಿಂತ ಅವುಗಳ ನಡುವಿನ ಮೆದುಭಾಗ ಬೇಗ ಕರಕಾಗುತ್ತದೆ. ಕರಕನ್ನು ತಿಕ್ಕಿ ತೆಗೆದರೆ ನಾರುಕಟ್ಟುಗಳು ಉಬ್ಬುಗೆರೆಗಳಾಗಿ ನಿಲ್ಲುತ್ತವೆ. ಮರವೇ ತನ್ನ ಚಿತ್ತಾರವನ್ನು ಹೊರಹಾಕಿದಂತಾಗುತ್ತದೆ. ಆದರೆ ತೆಂಗಿನ ಮರ ಉಳಿಯ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ, ನಾರು ಕಿತ್ತುಬರುವುದೂ ಉಂಟು. ಆದುದರಿಂದ ಕೈ ಪಳಗಿದ ಮೇಲೆ ಇದನ್ನು ಹಿಡಿಯುವುದು ಲೇಸು.

ಮರ ಯಾವುದೇ ಇರಲಿ, ಚೆನ್ನಾಗಿ ಒಣಗಿರಬೇಕು. ತಿಪಟೂರಿನ ಉಂಡೆ ಕೊಬ್ಬರಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಆರಿ, ಅಲುಗಿಸಿದಾಗ ಉಂಡೆ ಚಿಪ್ಪಿಗೆ ಬಡಿದು ಸದ್ದು ಮಾಡುವವರೆಗೂ ಕಾಯುತ್ತೇವಲ್ಲವೆ? ಮರಕ್ಕೂ ಅದೇ ತಾಳ್ಮೆ ಬೇಕು. ಹಸಿಮರಕ್ಕೆ ಜ್ವಾಲೆ ಹಿಡಿದರೆ ಮೇಲ್ಮೈ ಹಠಾತ್ತನೆ ಕುಗ್ಗುತ್ತದೆ, ಒಳಭಾಗ ಹಾಗೆಯೇ ಉಳಿಯುತ್ತದೆ. ಪರಿಣಾಮವಾಗಿ ತುದಿಯಿಂದ ಬಿರುಕು ಬಿಡುತ್ತದೆ.

ಬೆಂಕಿಯು ಮರದಲ್ಲಿ ಮಾಡುವ ಕೆಲಸ

ಮರದ ಮೇಲ್ಮೈ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಒಳವಸ್ತುಗಳು ಒಡೆಯತೊಡಗಿ ಬಣ್ಣ ಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಚಿಕ್ಕ ಗ್ಯಾಸ್ ಡಬ್ಬಿಗೆ ಜೋಡಿಸಿದ ಊದುದೀಪದ, ಅಂದರೆ ಕಾರ್ಯಾಗಾರಗಳಲ್ಲಿ ಬ್ಲೋಟಾರ್ಚ್ ಎನ್ನುವ ಸಾಧನದ, ಜ್ವಾಲೆಯಾದರೋ 1,900 ಡಿಗ್ರಿಯ ಆಸುಪಾಸಿನದು. ಇವೆರಡರ ನಡುವಿನ ಅಂತರವನ್ನು ನೋಡಿದರೆ ಕುಶಲಿಗೆ ದೊರೆಯುವ ಸಮಯ ಎಷ್ಟು ಅಲ್ಪವೆಂಬುದು ವೇದ್ಯವಾಗುತ್ತದೆ. ಹೊನ್ನಿನ ಬಣ್ಣಕ್ಕೂ ಮಸಿಯ ಬಣ್ಣಕ್ಕೂ ನಡುವೆ ಕೆಲವೇ ಕ್ಷಣಗಳು.

ಆದರೂ ಈ ಕಲೆ ಸಾಧ್ಯವಾಗಿರುವುದಕ್ಕೆ ಕಾರಣ ಮರದ ಇನ್ನೊಂದು ಗುಣ. ಮರವು ಶಾಖವನ್ನು ಬಹಳ ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಮೇಲೆ ಮೂಡಿದ ಕರಕಿನ ಪದರ ಅದನ್ನು ಮತ್ತಷ್ಟು ತಡೆಯುತ್ತದೆ. ಜಪಾನಿನಲ್ಲಿ ಮನೆಯ ಹೊರಗೋಡೆಗೆ ಹೊಡೆಯುವ ಸೀಡರ್ ಹಲಗೆಗಳನ್ನು ಬೇಕೆಂದೇ ಸುಟ್ಟು ಕಪ್ಪಾಗಿಸುವ ಪದ್ಧತಿ ಇದೇ ತತ್ತ್ವವನ್ನು ಅವಲಂಬಿಸಿದೆ; ಸುಟ್ಟ ಮೈಯೇ ಹಲಗೆಗೆ ರಕ್ಷಾಕವಚ. ಛತ್ತೀಸಗಢದ ಬಸ್ತರಿನವರು ಒಣಗಿದ ಸೋರೆಬುರುಡೆಯ ಮೇಲೆ ಕಾದ ಕಬ್ಬಿಣದಿಂದ ಚಿತ್ತಾರ ಬಿಡಿಸುವುದೂ, ಪೆರು ದೇಶದ ಕುಶಲಿಗಳು ಸೋರೆಯ ಮೇಲೆ ಕೆತ್ತಿ ಸುಡುವುದೂ ಇದೇ ಕುಟುಂಬದ ಕಲೆಗಳು.

ನಾಲ್ಕು ವಿಧಾನಗಳು

ಒಂದನೆಯದು ತಂತಿಯ ಗೆರೆ. ಇದಕ್ಕೆ ಜ್ವಾಲೆಯೇ ಬೇಡ. ಪೀಪಿಯು ಯಂತ್ರದಲ್ಲಿ ತಿರುಗುತ್ತಿರುವಾಗ ಉಳಿಯ ಮೊನೆಯಿಂದ ಕೂದಲೆಳೆಯಷ್ಟು ಸಣ್ಣ ಗಾಡಿ ಕೊರೆದು, ಅದರಲ್ಲಿ ತೆಳು ಉಕ್ಕಿನ ತಂತಿಯನ್ನಿಟ್ಟು ಒತ್ತಿದರೆ ಉಜ್ಜಾಟಕ್ಕೆ ಹೊಗೆಯೆದ್ದು ಕಪ್ಪು ಬಳೆ ಮೂಡುತ್ತದೆ. ತಂತಿಯ ಎರಡು ತುದಿಗಳಿಗೂ ಮರದ ಹಿಡಿಗಳಿರಬೇಕು. ಬೆರಳಿಗೆ ಸುತ್ತಿಕೊಂಡವನ ಬೆರಳು ಉಳಿಯುವುದಿಲ್ಲ. ಚನ್ನಪಟ್ಟಣದ ಅರಗಿನ ವಿಧಾನಕ್ಕೆ ಅತ್ಯಂತ ಸಮೀಪವಾದುದು ಇದೇ. ಹೊಸಬರು ಇಲ್ಲಿಂದಲೇ ಆರಂಭಿಸಬೇಕು.

ಎರಡನೆಯದು ಜ್ವಾಲೆಯ ನೆರಳು. ಜ್ವಾಲೆಯೊಳಗೆ ಕಾಣುವ ನೀಲಿ ಮೊನೆಯ ತುದಿ ಅತಿ ಬಿಸಿಯಾದ ಜಾಗ. ಅದನ್ನು ಮರಕ್ಕೆ ತಾಗಿಸದೆ, ತುಸು ದೂರದಲ್ಲಿ, ಎಲ್ಲಿಯೂ ನಿಲ್ಲಿಸದೆ, ಗೋಡೆಗೆ ಸುಣ್ಣ ಬಳಿಯುವ ಕೈಯಂತೆ ಆಡಿಸುತ್ತಿರಬೇಕು. ಹೀಗೆ ಮಾಡಿದರೆ ಪೀಪಿಯ ತುದಿಯಲ್ಲಿ ಗಾಢವಾಗಿದ್ದ ಕಂದುಬಣ್ಣ ನಡುವಿಗೆ ಬರುವಷ್ಟರಲ್ಲಿ ತಿಳಿಯಾಗಿ ಕರಗುತ್ತದೆ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ಜ್ವಾಲೆಯನ್ನು ತೆಗೆಯಬೇಕೆಂಬುದು ಇಲ್ಲಿನ ಸೂತ್ರ. ಜ್ವಾಲೆ ಸರಿದ ಮೇಲೂ ಉಳಿದ ಶಾಖ ಕೆಲಸ ಮಾಡುತ್ತಲೇ ಇರುತ್ತದೆ.

ಮೂರನೆಯದು ತಗಡಿನ ಅಚ್ಚು. ತೆಳು ತಗಡಿನಲ್ಲಿ ಹೊಂಬಾಳೆ, ಗರಿ, ಹಕ್ಕಿ ಮುಂತಾದ ಆಕಾರಗಳನ್ನು ಕತ್ತರಿಸಿ, ಪೀಪಿಯ ದುಂಡಿಗೆ ಹೊಂದುವಂತೆ ಬಾಗಿಸಿ, ಬಿಗಿಯಾಗಿ ಕಟ್ಟಿ ಜ್ವಾಲೆ ಹಾಯಿಸುವುದು. ರಂಗೋಲಿಯ ಅಚ್ಚನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ. ತಗಡು ಮರಕ್ಕೆ ಅಂಟಿಕೊಂಡಿರದಿದ್ದರೆ ಬಿಸಿಗಾಳಿ ಒಳನುಗ್ಗಿ ಅಂಚು ಮಸುಕಾಗುತ್ತದೆ.

ನಾಲ್ಕನೆಯದು ನವಸಾಗರದ ಬರವಣಿಗೆ. ಕಲಾಯಿ ಹಾಕುವವರು ಬಳಸುವ ನವಸಾಗರವನ್ನು ನೀರಿನಲ್ಲಿ ಕರಗಿಸಿ, ಕುಂಚದಿಂದ ಚಿತ್ರ ಬರೆದು, ಪೂರ್ಣವಾಗಿ ಒಣಗಲು ಬಿಡುತ್ತಾರೆ. ಆಗ ಚಿತ್ರ ಕಣ್ಣಿಗೆ ಕಾಣುವುದೇ ಕಷ್ಟ. ಬಳಿಕ ಇಡೀ ಮೈಗೆ ಹದವಾಗಿ ಶಾಖ ಕೊಟ್ಟರೆ ಬರೆದ ಗೆರೆಗಳು ಮಾತ್ರ ಕಪ್ಪಾಗಿ ಮೇಲೇಳುತ್ತವೆ. ಸುತ್ತಲಿನ ಮರ ತನ್ನ ಬಣ್ಣವನ್ನು ಉಳಿಸಿಕೊಳ್ಳುತ್ತದೆ. ಇದರಲ್ಲಿ ಮಾಟವೇನೂ ಇಲ್ಲ. ಶಾಖಕ್ಕೆ ನವಸಾಗರವು ಅಮೋನಿಯಾ ಅನಿಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲವಾಗಿ ಒಡೆಯುತ್ತದೆ. ಆ ಆಮ್ಲವು ಮರದಲ್ಲಿನ ಸೆಲ್ಯುಲೋಸ್‌ನಿಂದ ನೀರಿನಂಶವನ್ನು ಬೇರ್ಪಡಿಸುವುದರಿಂದ ಮರವು ಎಂದಿಗಿಂತ ಕಡಮೆ ಶಾಖಕ್ಕೇ ಕರಕಾಗುತ್ತದೆ. ಪ್ರೌಢಶಾಲೆಯ ರಸಾಯನಶಾಸ್ತ್ರದ ಅಧ್ಯಾಪಕರು ಒಂದು ಇಡೀ ಪಾಠವನ್ನು ಈ ಒಂದು ಗೆರೆಯಿಂದ ಆರಂಭಿಸಬಹುದು. ಆದರೆ ಹೊರಡುವ ಹೊಗೆ ಕಣ್ಣು ಮೂಗುಗಳಿಗೆ ಉರಿಯುಂಟುಮಾಡುವುದರಿಂದ ಬಯಲಿನಲ್ಲಿಯೇ ಇದನ್ನು ಮಾಡಬೇಕು.

ಯಾವ ವಿಧಾನವಾದರೂ ಮೈ ತಣ್ಣಗಾದ ಮೇಲೆ ತೆಂಗಿನ ನಾರಿನ ಕುಚ್ಚಿನಿಂದ ಸಡಿಲವಾದ ಕರಕನ್ನು ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೊನೆಗೆ ಅರಗಿನ ಮೆರುಗು ಕೊಡಬೇಕು. ಅರಗು 80 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುವ ವಸ್ತು. ಆದಕಾರಣ ಬೆಂಕಿ ಮೊದಲು, ಅರಗು ನಂತರ; ಈ ಕ್ರಮ ತಪ್ಪಿದರೆ ಮೆರುಗು ಗುಳ್ಳೆಯೆದ್ದು ಕೆಲಸವೆಲ್ಲ ಹಾಳಾಗುತ್ತದೆ.

ನಾದಕ್ಕೆ ಕುಂದು ಬಾರದಂತೆ

ಗೋಡೆಗೆ ತೂಗುಹಾಕುವ ಹಲಗೆಗೂ ಪೀಪಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಹಲಗೆಗೆ ಚೆಲುವೇ ಕೆಲಸ. ಪೀಪಿಗೆ ಬೇರೊಂದು ಕೆಲಸವಿದೆ, ಅದು ದನಿಗೊಡಬೇಕು. ನೋಡಲು ಎಷ್ಟೇ ಸುಂದರವಾಗಿದ್ದರೂ ಊದಿದಾಗ ಉಬ್ಬಸಪಡುವ ಪೀಪಿ ಕುಶಲಿಗೆ ಕೀರ್ತಿ ತರುವುದಿಲ್ಲ. ಅಲಂಕಾರಕ್ಕೆ ಎಲ್ಲಿಯವರೆಗೆ ಅಧಿಕಾರವಿದೆ ಎಂಬುದನ್ನು ಅರಿಯುವುದೇ ಈ ಕಲೆಯ ಸಾರವೆಂದು ನನ್ನ ಭಾವನೆ.

ಅದಕ್ಕಾಗಿ ಮೂರು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಜ್ವಾಲೆ ಹಿಡಿಯುವ ಮೊದಲು ಬೆಣೆಯನ್ನು, ನಾಲಿಗೆಯನ್ನು ತೆಗೆದು ದೂರವಿಡಬೇಕು. ತೆಳುವಾದ ನಾಲಿಗೆ ಶಾಖದ ಸುಳಿವು ತಗಲಿದರೂ ಸೊಟ್ಟಗಾಗುತ್ತದೆ. ಎರಡನೆಯದಾಗಿ, ಒಳರಂಧ್ರಕ್ಕೂ ಬೆಣೆ ಕೂರುವ ಜಾಗಕ್ಕೂ ಬೆಂಕಿ ಸೋಕಬಾರದು. ಅಲ್ಲಿನ ಮರ ಕುಗ್ಗಿದರೆ ಬೆಣೆ ಒಳಹೋಗದು, ಕರಕಾಗಿ ಉದುರಿದರೆ ಸಡಿಲವಾಗಿ ಗಾಳಿ ಸೋರುವುದು. ಅಳತೆಗೆ ಸರಿಯಾದ ಮರದ ಬಿರಡೆಯನ್ನು ರಂಧ್ರಕ್ಕೆ ಹಾಕಿ ಕೆಲಸ ಮಾಡಿದರೆ ಈ ಅಪಾಯ ತಪ್ಪುತ್ತದೆ. ಮೂರನೆಯದಾಗಿ, ತುಟಿ ತಗಲುವ ಅಂಚನ್ನು ಸುಡದೆ ಹಾಗೆಯೇ ಬಿಟ್ಟು, ಬಣ್ಣ ಬೆರೆಸದ ಶುದ್ಧ ಅರಗನ್ನು ಮಾತ್ರ ಲೇಪಿಸಬೇಕು. ಮಕ್ಕಳ ಬಾಯಿಗೆ ಹೋಗುವ ವಸ್ತುವಿನಲ್ಲಿ ಕರಕಿನ ಪುಡಿಗೂ ವಿಷಯುಕ್ತ ಬಣ್ಣಕ್ಕೂ ಸ್ಥಾನವಿಲ್ಲ.

ಹೀಗೆ ಕೊನೆಗೆ ಚಿತ್ತಾರಕ್ಕೆ ಉಳಿಯುವುದು ಹೊರಗೊಳವೆಯ ನಡುಮೈ ಮಾತ್ರ, ಹೆಚ್ಚೆಂದರೆ ಎರಡು ಅಂಗುಲ. ಆ ಎರಡು ಅಂಗುಲದಲ್ಲಿ ಹತ್ತು ಚಿತ್ರಗಳನ್ನು ತುರುಕುವುದಕ್ಕಿಂತ ಎರಡು ಬಳೆ, ಒಂದು ಗರಿ ಸಾಕು. ಸುಡದೆ ಬಿಟ್ಟ ಮರವೂ ಚಿತ್ರದ ಒಂದು ಭಾಗವೇ.

ಕೆಲವು ಎಚ್ಚರಿಕೆಗಳು

ಶಾಲೆಯಲ್ಲಿ ಇದನ್ನು ಕಲಿಸುವುದಾದರೆ ಯಂತ್ರವನ್ನೂ ಊದುದೀಪವನ್ನೂ ಹಿಡಿಯುವ ಅಧಿಕಾರ ತರಬೇತಿ ಪಡೆದ ಅಧ್ಯಾಪಕರಿಗೆ ಮತ್ತು ಅವರ ಕಣ್ಗಾವಲಿನಲ್ಲಿ ದೊಡ್ಡ ತರಗತಿಯ ವಿದ್ಯಾರ್ಥಿಗಳಿಗೆ ಮಾತ್ರ ಇರಬೇಕು. ಚಿಕ್ಕವರಿಗೆ ಚಿತ್ರ ಬರೆಯುವುದು, ಬಡಗಿಗಳು ಉಪ್ಪುಕಾಗದವೆನ್ನುವ ಮರಳುಕಾಗದದಿಂದ ಉಜ್ಜುವುದು, ಕರಕು ತಿಕ್ಕುವುದು, ನಾಲಿಗೆಯ ದನಿ ಕೂಡಿಸುವುದು ಮುಂತಾದ ಕೆಲಸಗಳು ಬೇಕಾದಷ್ಟಿವೆ. ಸಡಿಲ ತೋಳಿನ ಅಂಗಿ, ಶಲ್ಯ, ಇಳಿಬಿಟ್ಟ ಜಡೆ ಇವು ತಿರುಗುವ ಯಂತ್ರಕ್ಕೂ ಬೆಂಕಿಗೂ ಸಮಾನ ಶತ್ರುಗಳು. ಮರದ ಪುಡಿ, ಸಿಪ್ಪೆಗಳನ್ನು ಗುಡಿಸಿದ ಮೇಲೆಯೇ ದೀಪ ಹೊತ್ತಿಸಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಷ್ ಬಳಸುವುದಾದರೆ ಅದರ ಸೀಸೆಯನ್ನು ಬೆಂಕಿಯ ಕೆಲಸ ನಡೆಯುವ ಕೋಣೆಯಲ್ಲಿ ಇಡಲೇಬಾರದು. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಸದಾ ಸಿದ್ಧವಿರಬೇಕು. ಕೆಲಸ ಮುಗಿದ ಪೀಪಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲಿಯೂ ಕಿಡಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಬೀರುವಿನಲ್ಲಿಡಬೇಕು.

ಶಾಲೆಯಲ್ಲಿ ಕೈಗೆಲಸದ ಸ್ಥಾನ

ಇಷ್ಟೆಲ್ಲ ವಿವರಗಳಿಗೆ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ನಮ್ಮ ಶಾಲೆಗಳಲ್ಲಿ ಕೈಯಿಂದ ಮಾಡುವ ಕೆಲಸಕ್ಕೆ ಯಾವ ಗೌರವ ಉಳಿದಿದೆ? ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಸಾಧನೆಯ ಮಟ್ಟಕ್ಕೆ ಏರಿಸಿದರು. ಬಾಚಿಕಾಯಕದ ಬಸವಪ್ಪನವರು ಮರಗೆಲಸದವರು. ಮೇದಾರ ಕೇತಯ್ಯನವರು ಬಿದಿರಿನ ಕಾಯಕದವರು. ಅವರ ಉಪಕರಣವೇ ಅವರ ಹೆಸರಿನೊಡನೆ ನಿಂತಿತು. ಅದು ಅವರಿಗೆ ನಾಚಿಕೆಯ ವಿಷಯವಾಗಲಿಲ್ಲ. ಆದರೆ ಅವರ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಾಚಿಯನ್ನು ಕೈಯಲ್ಲಿ ಹಿಡಿದಿದ್ದಾರೆ?

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ಶಿಕ್ಷಣವೆಂಬ ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಕಾಲಕ್ರಮೇಣ ಅದು ವೇಳಾಪಟ್ಟಿಯ ಒಂದು ಮೂಲೆಗೆ ಸರಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮುಂತಾದ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂದು ಸೂಚಿಸಿತು. ನೀತಿಗಳು ಬದಲಾಗಬಹುದು, ಆದರೆ ಮಕ್ಕಳನ್ನು ಕುಶಲಿಯ ಪಕ್ಕದಲ್ಲಿ ಕೂರಿಸಲು ಯಾವ ಆಜ್ಞೆಗೂ ಕಾಯಬೇಕಾಗಿಲ್ಲ. ವಿಳಂಬವಾದರೆ ನಷ್ಟ ಮಾತ್ರ ನಿಶ್ಚಯ. ಪ್ಲಾಸ್ಟಿಕ್ ಆಟಿಕೆಗಳ ಹಾವಳಿಯಲ್ಲಿ ಕಡಚಲು ಕಸುಬು ಸೊರಗಿದೆ. ಶಾಖವನ್ನು ಅಂಗೈಯಲ್ಲಿ ಅಳೆಯಬಲ್ಲ ಹಿರಿಯರು ತಮ್ಮ ವಿದ್ಯೆಯನ್ನು ಯಾರ ಕೈಗೆ ಕೊಡುವುದೆಂದು ಚಿಂತಿಸುವ ಕಾಲ ಬಂದಿದೆ. ಪುಸ್ತಕದಲ್ಲಿ ಬರೆದಿಡಬಹುದಾದುದು ಡಿಗ್ರಿಗಳ ಲೆಕ್ಕವನ್ನು ಮಾತ್ರ. ಹೊನ್ನಿನ ಬಣ್ಣ ಕಂದಿಗೆ ತಿರುಗುವ ಗಳಿಗೆಯಲ್ಲಿ ಕೈಯನ್ನು ಹಿಂದೆಗೆಯುವ ವಿವೇಕ ಕೈಯಿಂದ ಕೈಗೆ ದಾಟಬೇಕು.

ಒಂದು ಮರದ ಪೀಪಿಯನ್ನು ಮಾಡುವಾಗ ವಿದ್ಯಾರ್ಥಿಯು ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಧ್ವನಿಶಾಸ್ತ್ರ, ಅಳತೆಯ ಗಣಿತ, ಚಿತ್ರಕಲೆ ಇವಿಷ್ಟನ್ನೂ ಮುಟ್ಟಿ ಬರುತ್ತಾನೆ. ಅದಕ್ಕಿಂತ ಮಿಗಿಲಾಗಿ, ಕೈಯಲ್ಲಿ ಶಕ್ತಿಯಿದ್ದಾಗ ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಯುತ್ತಾನೆ. ಬೆಂಕಿ ಹಿಡಿದವನಿಗೆ ಈ ಸಂಯಮ ಬಾರದಿದ್ದರೆ ಅವನ ಮುಂದೆ ಉಳಿಯುವುದು ಇದ್ದಲು ಮಾತ್ರ.

ಶ್ರೀಮಠದ ಆಶ್ರಯದಲ್ಲಿ ಓದಿ ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೂ, ಕೊಠಡಿಗಳನ್ನೂ ಗ್ರಂಥಗಳನ್ನೂ ಉದಾರವಾಗಿ ನೀಡುತ್ತ ಬಂದಿರುವ ದಾನಿಗಳೂ ಈ ದಿಕ್ಕಿನಲ್ಲಿ ಆಲೋಚಿಸುವರೆಂದು ಆಶಿಸೋಣ. ಇದಕ್ಕೆ ಭವ್ಯವಾದ ಕಟ್ಟಡ ಬೇಕಾಗಿಲ್ಲ. ಗಾಳಿಯಾಡುವ ಒಂದು ಸಾಲೆ, ಒಂದು ಚಿಕ್ಕ ಕಡಚಲು ಯಂತ್ರ, ನಾಲ್ಕು ಉಳಿಗಳು, ಒಣಗಿದ ಹಾಲೆ ಮರದ ಕೆಲವು ತುಂಡುಗಳು, ತೋಟದಿಂದ ತೆಗೆದ ಒಂದು ಹಳೆಯ ತೆಂಗಿನ ಬುಡ, ವರ್ಷಕ್ಕೊಮ್ಮೆ ಹತ್ತು ದಿನ ಬಂದು ಕಲಿಸಲು ಚನ್ನಪಟ್ಟಣದ ಒಬ್ಬ ಕುಶಲಿ ಮತ್ತು ಅವರಿಗೆ ಸಲ್ಲಬೇಕಾದ ಯೋಗ್ಯ ಸಂಭಾವನೆ, ಇಷ್ಟಿದ್ದರೆ ಆರಂಭಕ್ಕೆ ಸಾಕು.